ಜೂನ್ ಒಂದರ ಮಕ್ಕಳು

ಮಂಡ್ಯ ಸೀಮೆಯ ಚರಿತ್ರೆ ಹೇಳಿ ಎಂದರೆ ಯಾರಾದರೂ ಕನ್ನಂಬಾಡಿ ಕಟ್ಟೆಯಿಂದ ಶುರುಮಾಡುತ್ತಾರೆ. ವಿಶ್ವೇಶ್ವರಯ್ಯ, ನಾಲೆ, ಕಬ್ಬು, ಸಕ್ಕರೆ ಕಾರ್ಖಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಆ ನೀರು ಜಿಲ್ಲೆಯ ಎಲ್ಲ ಹೊಲಕ್ಕೂ ಹರಿಯಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕನ್ನು ಸಾಲಾಗಿ ನೋಡಿದರೆ ಸಾಕು. ದಕ್ಷಿಣದ ತುದಿಯಲ್ಲಿ ಹೊಳೆ, ಗದ್ದೆ, ತೆಂಗು. ಬಡಗಲಿಗೆ ಹೋದಂತೆ ಕಲ್ಲುಗುಡ್ಡ, ಹುರುಳಿ ಹೊಲ, ಮುಗಿಲು ನೋಡುವ ಜನ. ನಾಲ್ಕೂ ಕಡೆಗೆ ತಪ್ಪದೆ ಹೋಗಿ ಮುಟ್ಟಿದವನು ಒಬ್ಬನೇ, ಸ್ಕೂಲ್ ಮೇಷ್ಟ್ರು. ಅವನ ಚರಿತ್ರೆಯನ್ನು ಮಾತ್ರ ಯಾರೂ ಒಟ್ಟಾಗಿ ಬರೆದಿಟ್ಟಿಲ್ಲ.

ಸರ್ಕಾರಿ ಶಾಲೆಗಳು ಬರುವ ಮೊದಲು ಇಲ್ಲಿದ್ದದ್ದು ಕೂಲಿಮಠ. ಊರಿನ ಯಾವುದೋ ಮನೆಯ ಜಗಲಿ, ಇಲ್ಲವೇ ಗುಡಿಯ ಹಜಾರ. ಅಲ್ಲಿ ಕೂರುತ್ತಿದ್ದ ಗುರುವಿಗೆ ಐಗಳು ಎಂದು ಹೆಸರು. ಸಂಬಳ ಎಂಬ ಮಾತಿಲ್ಲ. ಸುಗ್ಗಿಯಲ್ಲಿ ರಾಗಿ, ಹಬ್ಬಕ್ಕೆ ಪಂಚೆ, ದಿನವೂ ಒಂದೊಂದು ಮನೆಯಿಂದ ಕಾಯಿಪಲ್ಲೆ. ನವರಾತ್ರಿಯಲ್ಲಿ ಹುಡುಗರನ್ನು ಸಾಲುಮಾಡಿ ಮನೆಮನೆಗೆ ಕರೆದೊಯ್ದು ಚೌಪದಿ ಹೇಳಿಸಿದರೆ ನಾಲ್ಕು ಕಾಸು ಹೆಚ್ಚಿಗೆ ಸಿಗುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಅಕ್ಷರ ಕೈಗೆ ಹತ್ತಿದ ಮೇಲೆ ಕಡತ.

ಈ ಕಡತವನ್ನು ಇಂದಿನವರು ಆಫೀಸಿನ ಫೈಲು ಎಂದೇ ತಿಳಿದಿದ್ದಾರೆ. ಆಗ ಅದು ಬಟ್ಟೆ. ಇದ್ದಲ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ, ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಮೇಲೆ ಕೆಳಗೆ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಲ್ಲಿ. ಅಳಿಸಿ ಮತ್ತೆ ಬರೆಯಬಹುದು, ಮಾಸಿದರೆ ಮತ್ತೆ ಮಸಿ ಬಳಿಯಬಹುದು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ. ಅಂಗಡಿಯ ಶೆಟ್ಟರ ಲೆಕ್ಕ, ಶಾನುಭೋಗರ ಲೆಕ್ಕ, ಹುಡುಗರ ಮಗ್ಗಿ, ಎಲ್ಲವೂ ಕಡತದ ಮೇಲೆಯೇ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಒಪ್ಪಿಸಬೇಕಿತ್ತು. ತಪ್ಪಿದವನಿಗೆ ಕೋದಂಡ: ತೊಲೆಗೆ ಕಟ್ಟಿದ ಹಗ್ಗ ಹಿಡಿದು ನೇತಾಡಬೇಕು, ಕೈಬಿಟ್ಟರೆ ಕೆಳಗೆ ಬೆತ್ತ ಕಾದಿರುತ್ತಿತ್ತು. ಹಳೆಯ ವಿದ್ಯಾಭ್ಯಾಸದ ಗುಣಗಾನ ಮಾಡುವವರು ಈ ಹಗ್ಗವನ್ನು ಮಾತ್ರ ಮರೆತುಬಿಡುತ್ತಾರೆ.

1799ರಲ್ಲಿ ಟಿಪ್ಪು ಬಿದ್ದಮೇಲೆ ಶ್ರೀರಂಗಪಟ್ಟಣದ ಗತಿ ಬದಲಾಯಿತು. ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪವನ್ನು ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡು ಮೈಸೂರಿಗೆ ಗುತ್ತಿಗೆ ಕೊಟ್ಟಿತು. ಅದು ಪೂರ್ತಿ ಮೈಸೂರಿನದಾದದ್ದು 1881ರಲ್ಲಿ, ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ. ಅಷ್ಟರಲ್ಲಿ ಚಳಿಜ್ವರ ಊರನ್ನು ಬರಿದು ಮಾಡಿತ್ತು. ಇತ್ತ ಹಿಂದೆ ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿಕೊಂಡಿತು. ಇವತ್ತಿನ ಪಾಂಡವಪುರ ಅದೇ. ಕೃಷ್ಣರಾಜಪೇಟೆಗೆ ಆಗ ಅತ್ತಿಗುಪ್ಪೆ ಎಂದು ಹೆಸರು. ಈ ಭಾಗದಲ್ಲಿ ವಿದ್ಯೆಗೆ ಹೆಸರಾಗಿದ್ದ ಜಾಗವೆಂದರೆ ಮೇಲುಕೋಟೆ. ಅಲ್ಲಿಯ ಸಂಸ್ಕೃತ ಪಾಠಶಾಲೆ ಶುರುವಾದದ್ದು 1854ರಲ್ಲಿ. ಭಾರತದಲ್ಲಿ ಸರ್ಕಾರವೇ ವಿದ್ಯಾಭ್ಯಾಸದ ಹೊಣೆ ಹೊರಬೇಕು ಎಂದು ಲಂಡನ್ನಿನಿಂದ ಚಾರ್ಲ್ಸ್ ವುಡ್ ಕಳಿಸಿದ ಆಜ್ಞೆ ಬಂದದ್ದೂ ಅದೇ ವರ್ಷ. ಬೆಟ್ಟದ ಮೇಲಿನ ವಿದ್ವಾಂಸರಿಗೂ ಲಂಡನ್ನಿನ ಆ ಕಾಗದಕ್ಕೂ ಸಂಬಂಧವಿಲ್ಲ. ಆದರೆ ಮುಂದಿನ ನೂರು ವರ್ಷ ಈ ಎರಡು ದಾರಿಗಳೂ ಇಲ್ಲಿ ಅಕ್ಕಪಕ್ಕದಲ್ಲೇ ನಡೆದವು.

ಎರಡನೆಯ ದಾರಿಯನ್ನು ಹಳ್ಳಿಗೆ ತಂದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡ ಬಲ್ಲವರಾಗಿ ಬೆಳೆದ ಈ ಮನುಷ್ಯ 1868ರಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದರು. ಹೊರಗಿನಿಂದ ಪಂಡಿತರನ್ನು ಕರೆಸುವ ಬದಲು ಸೀಮೆಯವರನ್ನೇ ತರಬೇತಿ ಕೊಟ್ಟು ಮೇಷ್ಟ್ರು ಮಾಡಬೇಕು ಎಂಬುದು ಅದರ ತಿರುಳು. ಐಗಳು ಮೇಷ್ಟ್ರಾದದ್ದು ಇಲ್ಲಿಂದ ಮುಂದೆ. ರಾಗಿಯ ಬದಲು ಸಂಬಳ, ಮರಳಿನ ಬದಲು ಸ್ಲೇಟು, ಊರಗೌಡನ ಬದಲು ಇನ್‌ಸ್ಪೆಕ್ಟರು. ಆದರೆ ಹತ್ತು ವರ್ಷ ತುಂಬುವ ಮೊದಲೇ ಧಾತು-ಈಶ್ವರ ಸಂವತ್ಸರಗಳ ಬರ ಬಂದು ಸಂಸ್ಥಾನವೇ ನಡುಗಿಹೋಯಿತು. ಹಸಿದ ಊರಿನಲ್ಲಿ ಮಗ್ಗಿ ಕೇಳುವವರು ಯಾರು?

ಇದೇ ರೈಸ್ ಮುಂದೆ ಶಾಸನ ಹುಡುಕುವುದಕ್ಕೆ ನಿಂತರು. ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ (1894) ಶ್ರೀರಂಗಪಟ್ಟಣ ತಾಲ್ಲೂಕು, ನಾಲ್ಕನೆಯದರಲ್ಲಿ (1898) ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಇವೆ. ಕಂಬದಹಳ್ಳಿಯ ಬಸದಿ, ಹೊಸಹೊಳಲಿನ ಗುಡಿಗಳ ಸುತ್ತಣ ಕಲ್ಲುಗಳು ಓದುಗರ ಕೈಗೆ ಬಂದದ್ದು ಹೀಗೆ. ಊರಿಗೆ ಅಕ್ಷರ ಬರಲಿ ಎಂದ ಮನುಷ್ಯನೇ ಊರಿನಲ್ಲಿ ಆಗಲೇ ಇದ್ದ ಅಕ್ಷರವನ್ನೂ ಹುಡುಕಿ ಕೊಟ್ಟ. ನನಗೆ ಈ ಎರಡನೆಯ ಕೆಲಸದ ಕೀರ್ತಿಯಲ್ಲಿ ಮೊದಲನೆಯದು ಮುಚ್ಚಿಹೋಯಿತು ಎನಿಸುತ್ತದೆ.

ಶಾಲೆ ಬಂದೊಡನೆ ಇಲ್ಲಿ ನಡೆದ ಮೊದಲ ಸಂಗತಿ ಎಂದರೆ, ಓದಿದವರು ಊರು ಬಿಟ್ಟರು. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರು ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರಿಂದ ಹುಡುಗನ ಮೊದಲ ಓದು ಅಲ್ಲೇ ಆಯಿತು. ಆಮೇಲೆ ಮೈಸೂರು, ಬೆಂಗಳೂರು, ಮದರಾಸು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಹಾಗೆಯೇ. ಹೇಮಾವತಿಯ ದಡದ ಊರು ಬಿಟ್ಟು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು, ಮಹಾರಾಜ ಕಾಲೇಜು, ಅಲ್ಲಿಯೇ ಮೇಷ್ಟ್ರು. ಇಬ್ಬರೂ ಊರಿನ ಶಾಲೆಯ ಮೇಷ್ಟ್ರಾಗಲಿಲ್ಲ. ಆದರೆ ಊರಿನ ಶಾಲೆಗಳಲ್ಲಿ ಕೂತ ಮೇಷ್ಟ್ರುಗಳು ಓದಿ ಪಾಠ ಹೇಳಿದ್ದು ಇಂಥವರು ಬರೆದ ಕನ್ನಡವನ್ನೇ. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ ಬರೆದ ‘ಸಂಜೆಗಣ್ಣಿನ ಹಿನ್ನೋಟ’ ನಮ್ಮಲ್ಲಿ ಅಧ್ಯಾಪಕನೊಬ್ಬ ಬರೆದ ಒಳ್ಳೆಯ ನೆನಪುಗಳಲ್ಲಿ ಒಂದು.

ಊರಿನಲ್ಲೇ ಉಳಿದವರು ಎಲ್.ಎಸ್. ಪಾಸಾದ ಹುಡುಗರು. ಲೋವರ್ ಸೆಕೆಂಡರಿ ಎಂದರೆ ಇಂದಿನ ಎಂಟನೇ ತರಗತಿಯ ಆಸುಪಾಸು. ಆ ಪರೀಕ್ಷೆ ದಾಟಿದವನು ಹದಿನೆಂಟಕ್ಕೆ ಕೋಟು ತೊಟ್ಟು, ಪೇಟ ಸುತ್ತಿ ಮೇಷ್ಟ್ರಾಗುತ್ತಿದ್ದ. ಒಂದೇ ಕೊಠಡಿ, ನಾಲ್ಕು ತರಗತಿ, ಒಬ್ಬನೇ ಉಪಾಧ್ಯಾಯ. ಒಂದನೆಯವರು ತಿದ್ದುತ್ತಿರಬೇಕು, ಎರಡನೆಯವರು ಮಗ್ಗಿ ಕೂಗುತ್ತಿರಬೇಕು, ನಾಲ್ಕನೆಯವರಲ್ಲಿ ಜಾಣನಾದವನು ಮೂರನೆಯವರಿಗೆ ಪಾಠ ಹೇಳುತ್ತಿರಬೇಕು. ಮೇಷ್ಟ್ರು ಅಷ್ಟರಲ್ಲಿ ಅಂಚೆ ಚೀಲ ಬಿಚ್ಚುತ್ತಿರಬಹುದು, ಏಕೆಂದರೆ ಎಷ್ಟೋ ಹಳ್ಳಿಗಳಲ್ಲಿ ಬ್ರಾಂಚ್ ಪೋಸ್ಟಾಫೀಸೂ ಅವರ ತಲೆಗೇ ಕಟ್ಟಿದ್ದಿತು. ಮನಿಯಾರ್ಡರು ಬಂದಿದೆ ಎಂದು ಹೇಳುವವರೂ ಅವರೇ, ಬಂದ ಕಾಗದ ಓದಿ ಹೇಳುವವರೂ ಅವರೇ, ಉತ್ತರ ಬರೆಯುವವರೂ ಅವರೇ. ಊರಿನ ಗುಟ್ಟೆಲ್ಲ ಮೇಷ್ಟ್ರ ಹೊಟ್ಟೆಯಲ್ಲಿ ಎಂದರೆ ಸುಮ್ಮನೆ ಮಾತಲ್ಲ. ಅಪ್ಪಂದಿರು ಮಗನನ್ನು ತಂದು ಬಿಡುವಾಗ ಹೇಳುತ್ತಿದ್ದ ಮಾತು ಇವತ್ತಿಗೂ ಹಳಬರ ಬಾಯಲ್ಲಿದೆ: ‘ಕಣ್ ಎರಡ್ ಬುಟ್ಟು ಬಾಕಿ ಚರ್ಮ ಸುಲಿದ್ಬುಡಿ ಮೇಷ್ಟ್ರೇ.’ ಎಷ್ಟೋ ಮೇಷ್ಟ್ರುಗಳು ಅದನ್ನು ಅಕ್ಷರಶಃ ನಂಬಿಬಿಟ್ಟಿದ್ದರು ಎಂಬುದು ಬೇರೆ ಮಾತು.

ಕಾನೂನು ಒಂದಾದ ಮೇಲೊಂದು ಬಂತು. ವಿಶ್ವೇಶ್ವರಯ್ಯ ದಿವಾನರಾದ ಮರುವರ್ಷ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆದರೆ ಸರ್ಕಾರ ಗುರುತಿಸಿದ ಜಾಗಗಳಲ್ಲಿ ಮಾತ್ರ ಕಡ್ಡಾಯ. 1915ರಲ್ಲಿ ದಲಿತ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಗಿಡಬಾರದೆಂದು ಆಜ್ಞೆಯಾಯಿತು. ಆಜ್ಞೆ ಬೆಂಗಳೂರಿನಲ್ಲಿ ಸಹಿಯಾದರೂ ಅದನ್ನು ಜಾರಿಮಾಡಬೇಕಾದವನು ಅಗ್ರಹಾರದ ಬಾಡಿಗೆ ಮನೆಯಲ್ಲೋ ಗೌಡರ ಪಡಸಾಲೆಯಲ್ಲೋ ಇದ್ದ ಮೇಷ್ಟ್ರು. ಸೇರಿಸಿಕೊಂಡರೆ ಮೇಲ್ಜಾತಿಯವರು ಮಕ್ಕಳನ್ನು ಬಿಡಿಸುತ್ತಾರೆ, ಸೇರಿಸದಿದ್ದರೆ ಇನ್‌ಸ್ಪೆಕ್ಟರು ಕೇಳುತ್ತಾನೆ. ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದೇ ಬಾಗಿಲ ಹೊರಗೆ, ಕಿಟಕಿಯ ಪಕ್ಕ ಕೂರಿಸಿ ಪಾಠ ಹೇಳುವ ನಾಚಿಕೆಗೇಡಿನ ರಾಜಿ. ಧೈರ್ಯ ಮಾಡಿ ಒಳಗೆ ಕೂರಿಸಿಕೊಂಡ ಮೇಷ್ಟ್ರುಗಳೂ ಇದ್ದರು. ಅಂಥವರ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ. 1930ರ ಕಾಯಿದೆಯಿಂದ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ ಹೋದವು. ವರ್ಗಾವಣೆ ಬೇಕಾದರೆ ಬೋರ್ಡಿನ ಮೆಂಬರ ಮನೆಬಾಗಿಲು ಕಾಯಬೇಕಾಯಿತು. 1941ರಲ್ಲಿ ಸರ್ಕಾರ ಮತ್ತೆ ಅವನ್ನು ವಾಪಸು ತೆಗೆದುಕೊಂಡಿತು. ಬಾಗಿಲು ಕಾಯುವ ಅಭ್ಯಾಸ ಹೋಗಲಿಲ್ಲ.

ಅಷ್ಟರಲ್ಲಿ ಕನ್ನಂಬಾಡಿ. 1911ರಲ್ಲಿ ಶುರುವಾದ ಕೆಲಸ ಎರಡು ದಶಕ ನಡೆಯಿತು. ಶ್ರೀರಂಗಪಟ್ಟಣಕ್ಕೆ ನೀರು ಹೊಸದಲ್ಲ, ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಒಡೆಯರ ಕಾಲದ್ದೇ. ಹೊಸದಾದದ್ದು ಹುಲಿಕೆರೆಯ ಸುರಂಗ ಹಾಯ್ದು ಪಾಂಡವಪುರದ ಕಡೆಗೂ ಅಲ್ಲಿಂದ ಮಂಡ್ಯ, ಮದ್ದೂರಿಗೂ ಹರಿದ ಇರ್ವಿನ್ ನಾಲೆ. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಾಯಿತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದೇ ಈ ನೀರಿನ ದೆಸೆಯಿಂದ ಎನ್ನಬಹುದು. ನಾಲೆಯ ಊರುಗಳಲ್ಲಿ ಮೇಷ್ಟ್ರ ಹಾಜರಿ ಪುಸ್ತಕ ಬೆಳೆಯ ಪಂಚಾಂಗವಾಯಿತು. ನಾಟಿಗೆ ಹುಡುಗಿಯರಿಲ್ಲ, ಆಲೆಮನೆ ಹೂಡಿದರೆ ಹುಡುಗರಿಲ್ಲ. ನಾಗಮಂಗಲದ ಕಡೆ ಕಥೆಯೇ ಬೇರೆ. ಅಲ್ಲಿಗೆ ನಾಲೆಯ ನೀರಿನ ಆಸೆ ಹುಟ್ಟಿದ್ದೇ 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಮೇಲೆ. ಅದುವರೆಗೆ ಹೊಲ ಕೈಕೊಟ್ಟ ಮನೆಗಳಲ್ಲಿ ಒಬ್ಬ ಮಗನಾದರೂ ಓದಲಿ ಎಂಬ ಲೆಕ್ಕಾಚಾರ. ಗದ್ದೆ ಇದ್ದವನಿಗೆ ಶಾಲೆ ಬಿಡಲು ಕಾರಣವಿತ್ತು, ಇಲ್ಲದವನಿಗೆ ಹಿಡಿಯಲು ಕಾರಣವಿತ್ತು. ನಾಗಮಂಗಲದವರು ಎಲ್ಲ ಆಫೀಸಿನಲ್ಲೂ ಇದ್ದಾರೆ ಎಂದು ಮಂಡ್ಯದ ಉಳಿದವರು ತಮಾಷೆ ಮಾಡುವುದಕ್ಕೆ ಮೂಲ ಅಲ್ಲಿದೆ ಎಂಬುದು ನನ್ನ ಊಹೆ.

ಈ ಮೇಷ್ಟ್ರುಗಳ ಬದುಕಿಗೆ ಸಾಕ್ಷಿ ಬೇಕೆಂದರೆ ಹಳೆಯ ಶಾಲೆಗಳ ಬೀರುವಿನಲ್ಲಿರುವ ದಾಖಲಾತಿ ವಹಿ ತೆಗೆಯಬೇಕು. ಉದ್ದನೆಯ ಪುಸ್ತಕ, ರಟ್ಟಿನ ಮೂಲೆಯಲ್ಲಿ ಗೆದ್ದಲಿನ ಗುರುತು, ನೀಲಿ ಶಾಯಿಯಲ್ಲಿ ದುಂಡನೆಯ ಅಕ್ಷರ. ಕ್ರಮ ಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನಾಂಕ. ಆ ಕೊನೆಯ ಅಂಕಣವನ್ನು ಬೆರಳಿಟ್ಟು ಕೆಳಗಿಳಿಯಿರಿ. ಜೂನ್ 1, ಜೂನ್ 1, ಜೂನ್ 5, ಮತ್ತೆ ಜೂನ್ 1. ಒಂದೇ ಊರಿನ ಅಷ್ಟು ಹೆಂಗಸರು ಒಂದೇ ದಿನ ಹೆರಲಿಲ್ಲ. ಶಾಲೆ ತೆರೆಯುವ ತಿಂಗಳು ಜೂನ್, ಆ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕು, ಅಷ್ಟೇ ಲೆಕ್ಕ. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ತಾಯಿ ಹೇಳುವುದು ದೊಡ್ಡ ಹೊಳೆ ಬಂದ ವರ್ಷ, ಪ್ಲೇಗಿಗೆ ಊರು ಬಿಟ್ಟ ವರ್ಷ, ಇಲ್ಲ ಮೇಲುಕೋಟೆಯ ವೈರಮುಡಿ ಉತ್ಸವ ಕಳೆದು ಮೂರು ದಿನಕ್ಕೆ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಆರು ವರ್ಷ. ತಾಗದಿದ್ದರೆ ಬರುವ ವರ್ಷ ಬಾ.

ಹೆಸರೂ ಅಷ್ಟೆ. ಮನೆಯಲ್ಲಿ ಕರಿಯ, ಕುಳ್ಳ, ಗುಂಡ. ಹಿಂದಿನ ಮಕ್ಕಳು ಉಳಿಯಲಿಲ್ಲವೆಂದು ಇಟ್ಟ ಹೆಸರು ತಿಪ್ಪ, ಅಡವಿ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ‘ಇನ್ ಮೇಲೆ ನೀನು ರಾಮಚಂದ್ರ ಕಣ್ಲಾ’ ಎಂದರೆ ಆಯಿತು. ಸಂಜೆ ಮನೆಗೆ ಹೋದ ಹುಡುಗ ತನ್ನ ಹೆಸರನ್ನು ಅವ್ವನಿಗೆ ಹೇಳಿಕೊಡಬೇಕಿತ್ತು. ಆ ಹೆಸರು, ಆ ತಾರೀಖು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ನೌಕರಿಯ ಸೇವಾ ಪುಸ್ತಕಕ್ಕೆ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದು ಸರ್ಕಾರಿ ನಿಯಮ. ಹಾಗಾಗಿ ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಯ ಭರಾಟೆ. ಯಾವುದೋ ಹಳ್ಳಿ ಮೇಷ್ಟ್ರು ಒಂದು ನಿಮಿಷದಲ್ಲಿ ಅಂದಾಜಿಗೆ ಬರೆದ ತಾರೀಖು ಐವತ್ತು ವರ್ಷ ಕಳೆದಮೇಲೆ ಇಡೀ ಇಲಾಖೆಗಳನ್ನು ಒಂದೇ ದಿನ ಖಾಲಿಮಾಡುತ್ತದೆ. ಚೂರು ಬುದ್ಧಿವಂತರಾದ ಮೇಷ್ಟ್ರು ಒಂದೆರಡು ವರ್ಷ ಕಡಿಮೆ ಮಾಡಿ ಬರೆದು ಊರಿನ ಹುಡುಗರಿಗೆ ಆಯುಸ್ಸಿನಲ್ಲಿ ಅಲ್ಲದಿದ್ದರೂ ಸಂಬಳದಲ್ಲಿ ಉಪಕಾರ ಮಾಡಿದ್ದೂ ಉಂಟು.

ಸ್ವಾತಂತ್ರ್ಯ ಬಂದಮೇಲೆ ಶಾಲೆಗಳ ಸಂಖ್ಯೆ ಏರಿತು. ಊರವರೇ ಕಲ್ಲು ಹೊತ್ತು, ಮಣ್ಣು ತುಳಿದು ಕೊಠಡಿ ಕಟ್ಟಿದ ಊರುಗಳು ಬೇಕಾದಷ್ಟಿವೆ. ಅರವತ್ತರ ದಶಕದ ಹುಡುಗರಿಗೆ ಶಾಲೆಯೆಂದರೆ ಉಪ್ಪಿಟ್ಟಿನ ವಾಸನೆ. ಅಮೆರಿಕದ ಕೇರ್ ಸಂಸ್ಥೆ ಕಳಿಸಿದ ಹಾಲಿನ ಪುಡಿ, ನುಚ್ಚು, ಎಣ್ಣೆ. ಒಲೆ ಹಚ್ಚಿಸುವವರು, ಬಡಿಸುವವರು, ಖರ್ಚಿನ ಲೆಕ್ಕ ಬರೆಯುವವರು ಮೇಷ್ಟ್ರು. ಎಣ್ಣೆಯ ಖಾಲಿ ಡಬ್ಬ ಊರಿನ ಮನೆಗಳಲ್ಲಿ ನೀರು ಹಿಡಿಯುವುದಕ್ಕೆ ಬಹಳ ವರ್ಷ ಇತ್ತು. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು ಶಿಕ್ಷಣ ಸಂಸ್ಥೆ ಕಟ್ಟಿದರು, ಅವರ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು 1962ರದ್ದು. ಗಾಂಧಿ ವಿಚಾರ ಹಿಡಿದು ಬಂದ ಸುರೇಂದ್ರ ಕೌಲಗಿ 1960ರಲ್ಲಿ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಶುರುಮಾಡಿ ಮಕ್ಕಳ ಜೊತೆ, ಖಾದಿಯ ಜೊತೆ ಉಳಿದುಬಿಟ್ಟರು. ನಾಗಮಂಗಲಕ್ಕೆ ದೊಡ್ಡ ತಿರುವು 1974. ಆ ವರ್ಷ ಆದಿಚುಂಚನಗಿರಿಯ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ, ಒಣಗುಡ್ಡದ ಮಠವೊಂದನ್ನು ಶಾಲೆ, ಹಾಸ್ಟೆಲು, ಕಾಲೇಜುಗಳ ದೊಡ್ಡ ಸಂಸ್ಥೆಯಾಗಿ ಮಾಡಿದರು. ಬೆಳ್ಳೂರಿನ ಪಕ್ಕ ಈಗ ಮೆಡಿಕಲ್ ಕಾಲೇಜು ಇದೆ. ಅನ್ನ ಹಾಕಿ ಅಕ್ಷರ ಕಲಿಸುವ ಸಂಪ್ರದಾಯ ಮಠಕ್ಕೆ ಹೊಸದಲ್ಲ, ಆದರೆ ಒಕ್ಕಲು ಮಕ್ಕಳಿಗೆ ಅದು ಈ ಪ್ರಮಾಣದಲ್ಲಿ ಸಿಕ್ಕಿದ್ದು ಆಗಲೇ.

ಮೇಷ್ಟ್ರ ವೃತ್ತಿಯೇ ಕೆಲವರನ್ನು ಕಡಲಾಚೆಗೂ ದಾಟಿಸಿತು. ನಾಗಮಂಗಲ ತಾಲ್ಲೂಕಿನ ಬೋಗಾದಿಯಲ್ಲಿ 1925ರಲ್ಲಿ ಹುಟ್ಟಿದ ಬಿ.ಸಿ. ರಾಮಚಂದ್ರ ಶರ್ಮರು ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದವರು ಇಥಿಯೋಪಿಯಾಕ್ಕೆ ಹೋದರು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಆ ದೇಶದ ಶಾಲೆಗಳಿಗೆ ಭಾರತದಿಂದ ಮೇಷ್ಟ್ರುಗಳು ದಂಡಿಯಾಗಿ ಹೋಗುತ್ತಿದ್ದರು. ಶರ್ಮರು ಅಲ್ಲಿಂದ ಲಂಡನ್ನಿಗೂ ಮತ್ತೆ ಆಫ್ರಿಕಕ್ಕೂ ಹೋಗಿ, ನವ್ಯ ಕವಿಯಾಗಿ ಊರಿಗೆ ಮರಳಿದರು. 1998ರಲ್ಲಿ ‘ಸಪ್ತಪದಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಬೋಗಾದಿಯ ಮಳೆಯಾಶ್ರಯದ ಹೊಲಕ್ಕೂ ಆಫ್ರಿಕದ ತರಗತಿಗೂ ನಡುವೆ ಸೇತುವೆಯಾದದ್ದು ಸೀಮೆಸುಣ್ಣದ ಚೂರು.

ಹೆಂಗಸರು ಈ ಕಥೆಗೆ ತಡವಾಗಿ ಬಂದರು. ಮೊದಮೊದಲು ಹಳ್ಳಿಗೆ ಬಂದ ಮೇಡಂ ಎಂದರೆ ಊರಿಗೇ ಕುತೂಹಲ. ಇಳಿದುಕೊಳ್ಳಲು ಮನೆ ಸಿಗದು, ಶೌಚಕ್ಕೆ ಬೆಳಕು ಹರಿಯುವ ಮೊದಲೇ ಎದ್ದು ಹೊಲಕ್ಕೆ ಹೋಗಬೇಕು, ದಿನಕ್ಕೆ ಎರಡೇ ಬಸ್ಸು. ನಿವೃತ್ತ ಶಿಕ್ಷಕಿಯರು ನಾಲ್ಕು ಜನ ಕೂತರೆ ಪಾಠದ ಮಾತಿಗಿಂತ ಮೊದಲು ಬರುವುದು ಬಸ್ಸಿನ ಮಾತು. ಪಾಂಡವಪುರದಿಂದ ಹೊರಡುವ ಏಳೂವರೆ ಬಸ್ಸು ತಪ್ಪಿದರೆ ಲಗೇಜ್ ಆಟೋದ ಹಿಂದುಗಡೆ, ಕೋಳಿ ಬುಟ್ಟಿಯ ಪಕ್ಕ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಯಾರೋ ವಿದ್ಯಾರ್ಥಿಯ ಅಪ್ಪ ಎತ್ತಿನ ಗಾಡಿ ತರಬೇಕು. ಟಿಸಿಎಚ್ ತರಬೇತಿ ಮುಗಿಸಿದ ಹುಡುಗಿಯರು ತೊಂಬತ್ತರ ದಶಕದಲ್ಲಿ ಒಟ್ಟಾಗಿ ನೇಮಕವಾದಾಗ ಶಾಲೆಯ ಚಹರೆಯೇ ಬದಲಾಯಿತು. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿಕಲಿ ಪದ್ಧತಿ ಇಲ್ಲಿಗೂ ಬಂದು, ಒಂದನೇ ತರಗತಿಯ ಮಕ್ಕಳು ಸಾಲು ಬಿಟ್ಟು ಗುಂಪಾಗಿ ಚಾಪೆಯ ಮೇಲೆ ಕೂತರು. ಬೆತ್ತ ಮೂಲೆ ಸೇರಿತು. ಅಪ್ಪಂದಿರಿಗೆ ಇದು ಮೊದಲು ಹಿಡಿಸಲಿಲ್ಲ.

ಓದಿಯೂ ನೌಕರಿ ಸಿಗದವರು, ಓದು ಅರ್ಧಕ್ಕೆ ಬಿಟ್ಟವರು ಮುಂಬಯಿಗೆ ಹೋದರು. ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳಿಗೆ ಮುಂಬಯಿಯ ನಂಟು ಹಳೆಯದು. ಹೋಟೆಲು, ಆಟೋ, ಸಣ್ಣಪುಟ್ಟ ವ್ಯಾಪಾರ. 2020ರ ಮೇ ತಿಂಗಳಲ್ಲಿ, ಕೊರೊನಾ ಹಾವಳಿಯ ನಡುವೆ, ಅವರಲ್ಲಿ ಹಲವರು ಊರಿಗೆ ಮರಳಿದಾಗ ಹಾಸ್ಟೆಲುಗಳೂ ಶಾಲೆಗಳೂ ಕ್ವಾರಂಟೈನ್ ಕೇಂದ್ರಗಳಾದವು. ಒಂದು ಕಾಲಕ್ಕೆ ತಾವು ಮಗ್ಗಿ ಒಪ್ಪಿಸಿದ ಕೊಠಡಿಯಲ್ಲೇ ಹೆಂಡತಿ ಮಕ್ಕಳೊಡನೆ ದಿನ ಎಣಿಸಿದವರಿದ್ದಾರೆ. ಅವರ ಹೆಸರು ಬರೆದುಕೊಳ್ಳಲು ಚೆಕ್‌ಪೋಸ್ಟಿನಲ್ಲಿ ಕೂತಿದ್ದವರೂ ಶಿಕ್ಷಕರೇ. ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ಬಂತು. ಶಾಲೆ ಮುಚ್ಚಿದ್ದರಿಂದ ಶಿಕ್ಷಕರೇ ಕೇರಿಕೇರಿಗೆ ಹೋಗಿ ಜಗಲಿ, ಅರಳಿಕಟ್ಟೆ, ಗುಡಿಯ ಹಜಾರದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಬೇಕಿತ್ತು. ಕೂಲಿಮಠ ಬಿಟ್ಟು ಒಂದೂವರೆ ಶತಮಾನ ನಡೆದ ಇಲಾಖೆ ಮತ್ತೆ ಜಗಲಿಗೇ ಬಂದು ಕೂತಿತು. ಸೋಂಕು ಹರಡಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಈಗ ಬೆಳಿಗ್ಗೆ ಎಂಟಕ್ಕೆ ಈ ನಾಲ್ಕು ತಾಲ್ಲೂಕಿನ ಯಾವ ರಸ್ತೆಯಲ್ಲಿ ನಿಂತರೂ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಧೂಳೆಬ್ಬಿಸಿ ಹೋಗುತ್ತವೆ. ಇಂಗ್ಲಿಷ್ ಬೇಕೆಂದು ಅತ್ತ ಹೋಗುವವರನ್ನು ತಡೆಯಲು 2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು. ಸಾಹಿತಿಗಳು ಬೇಡವೆಂದರು, ಅಪ್ಪಂದಿರು ಸಾಲುಗಟ್ಟಿ ನಿಂತರು. ಸಣ್ಣ ಊರುಗಳಲ್ಲಿ ಮಾತ್ರ ಮತ್ತೆ ಒಂದು ಕೊಠಡಿ, ಒಬ್ಬರೇ ಶಿಕ್ಷಕಿ, ಬೆರಳೆಣಿಕೆಯ ಮಕ್ಕಳು. ಈ ಶಿಕ್ಷಕಿಯರಲ್ಲಿ ಹಲವರು ಅತಿಥಿ ಶಿಕ್ಷಕರು. ಶಾಲೆ ತೆರೆದಮೇಲೆ ಕರೆಸಿ, ವರ್ಷ ಮುಗಿದೊಡನೆ ಕಳಿಸಿಬಿಡುತ್ತಾರೆ, ಬೇಸಗೆಯ ತಿಂಗಳಿಗೆ ಗೌರವಧನವಿಲ್ಲ. ಹುಟ್ಟಿದ ದಿನ ಈಗ ಆಸ್ಪತ್ರೆಯ ಚೀಟಿಯಲ್ಲೇ ಬರುವುದರಿಂದ ಅವರು ಅದನ್ನು ನೋಡಿ ಕಂಪ್ಯೂಟರಿಗೆ ತುಂಬಿಸುತ್ತಾರೆ. ನೆಟ್‌ವರ್ಕ್ ಸಿಗದಿದ್ದರೆ ಫೋನು ಹಿಡಿದು ಶಾಲೆಯ ಹಿಂದಿನ ದಿಬ್ಬ ಹತ್ತುತ್ತಾರೆ, ಒಳಗೆ ನಾಲ್ಕನೆಯ ತರಗತಿಯ ಹುಡುಗಿ ಎರಡನೆಯವರಿಗೆ ಮಗ್ಗಿ ಹೇಳಿಕೊಡುತ್ತಿರುತ್ತಾಳೆ.